ತಲುಪದೆ ಉಳಿದವರು: ಠಕ್ಕರ ಪ್ರಕರಣಗಳು ಮತ್ತು ಸುರಪುರದ ಟೇಲರ್

ಬಳಿಚಕ್ರ, ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯನ್ನು 19ನೇ ಶತಮಾನದ ಆರಂಭದಲ್ಲಿ ಹಾದುಹೋಗುತ್ತಿದ್ದ ದಾರಿಹೋಕ ಹಲವು ಆಳ್ವಿಕೆಗಳ ಗಡಿ ದಾಟಬೇಕಿತ್ತು. ನಿಜಾಮನ ಮುಲ್ಕು, ಅವನಿಗೆ ಪೇಷ್ಕಷ್ (ಕಪ್ಪ) ಸಲ್ಲಿಸುತ್ತಿದ್ದ ಸುರಪುರ ನಾಯಕರ ಸಂಸ್ಥಾನ, 1800ರಲ್ಲಿ ಕಂಪನಿಯ ಪಾಲಾದ ಬಳ್ಳಾರಿ ಕಡೆಯ ದತ್ತ ಮಂಡಲ, 1818ರವರೆಗೆ ಪೇಶ್ವೆಯ ಕೈಯಲ್ಲಿದ್ದ ಪಡುವಣ ನಾಡು. ಒಂದು ಗಡಿಯೊಳಗೆ ಹೊರಟವನು ಇನ್ನೊಂದರಲ್ಲಿ ಕಾಣೆಯಾದರೆ ದೂರು ಯಾರಿಗೆ ಕೊಡಬೇಕು? ಮನೆಯವರು ತಿಂಗಳುಗಟ್ಟಲೆ ಕಾಯುತ್ತಿದ್ದರು. ಜ್ವರವೋ ಹುಲಿಯೋ ನದಿಯ ಪ್ರವಾಹವೋ ಎಂದು ಕೊನೆಗೆ ತಾವೇ ಒಂದು ಕಾರಣ ಕಂಡುಕೊಳ್ಳುತ್ತಿದ್ದರು. ಹೊಲದ ಬಾವಿಯಲ್ಲಿ ಹೆಣ ಕಂಡ ಊರಿನವರೂ ಬಾಯಿ ಬಿಡುತ್ತಿರಲಿಲ್ಲ. ಬಿಟ್ಟರೆ ವಿಚಾರಣೆಯ ಕಾಟ ಅವರ ಕೊರಳಿಗೇ ಬರುತ್ತಿತ್ತು.

ಠಕ್ಕರು ಬದುಕಿದ್ದುದು ಈ ಮೌನದ ಆಸರೆಯಲ್ಲಿ. ಮಳೆಗಾಲ ಕಳೆದು ದಾರಿಗಳು ಒಣಗಿದ ಮೇಲೆ ಹೊರಡುವುದು, ವ್ಯಾಪಾರಿಗಳ, ಸಿಪಾಯಿಗಳ ವೇಷದಲ್ಲಿ ದಾರಿಹೋಕರ ಜೊತೆಗೂಡುವುದು, ಒಂದೆರಡು ದಿನ ಒಟ್ಟಿಗೆ ಉಂಡು ನಡೆದು ನಂಬಿಕೆ ಗಳಿಸುವುದು, ಬಟ್ಟೆಯ ಕುಣಿಕೆಯಿಂದ ಕೊರಳು ಬಿಗಿಯುವುದು, ಒಬ್ಬನನ್ನೂ ಉಳಿಸದೆ ಹೂಳುವುದು. ತಮ್ಮ ಊರಿನ ಹತ್ತಿರ ಕೊಲ್ಲಬಾರದೆಂಬ ಕಟ್ಟಳೆಯಿತ್ತು. ಹೀಗಾಗಿ ಕೊಂದವನ ನೆಲ, ಸತ್ತವನ ನೆಲ, ಹೂತ ನೆಲ ಮೂರೂ ಎಷ್ಟೋ ಸಲ ಬೇರೆಬೇರೆ ಅಧಿಕಾರಗಳಿಗೆ ಸೇರಿರುತ್ತಿದ್ದವು.

ಈ ಅಪರಾಧವನ್ನು ಕಂಡುಹಿಡಿದ ಕೀರ್ತಿ ಸಾಮಾನ್ಯವಾಗಿ ಕಂಪನಿಯ ಅಧಿಕಾರಿ ವಿಲಿಯಂ ಸ್ಲೀಮನ್‌ಗೆ ಸಲ್ಲುತ್ತದೆ. ಕಾಲಾನುಕ್ರಮ ಇದನ್ನು ಒಪ್ಪುವುದಿಲ್ಲ. ಮದರಾಸಿನ ವೈದ್ಯ ರಿಚರ್ಡ್ ಶೆರ್ವುಡ್ 1816ರಲ್ಲೇ ದಕ್ಷಿಣದ ಫಾಂಸೀಗಾರರ, ಅಂದರೆ ಇದೇ ಠಕ್ಕರ, ಬಗ್ಗೆ ಪ್ರಬಂಧ ಪ್ರಕಟಿಸಿದ್ದ. ಕನ್ನಡಿಗರು ಅವರನ್ನು ‘ತಂತಿ ಕಳ್ಳರು’ ಎನ್ನುತ್ತಾರೆಂದು ಅದರಲ್ಲಿ ದಾಖಲಿಸಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬೆಂಗಳೂರಿನ ಆಸುಪಾಸಿನಲ್ಲಿ ಸುಮಾರು 100 ಮಂದಿ ಸೆರೆಸಿಕ್ಕಿದ್ದನ್ನೂ ಬರೆದಿದ್ದ. ರಜೆಯ ಮೇಲೆ ಊರಿಗೆ ಹೊರಟ ಸಿಪಾಯಿಗಳು ನಗದಿನ ಬದಲು ಹುಂಡಿ ಪತ್ರ ಒಯ್ಯಬೇಕೆಂದು ಬಂಗಾಳ ಸೇನೆ 1810ರಲ್ಲೇ ಎಚ್ಚರಿಸಿತ್ತು. ಅಂದರೆ ಜನಕ್ಕೂ ಗೊತ್ತಿತ್ತು, ದಂಡಿಗೂ ಗೊತ್ತಿತ್ತು. ಬಿಡಿಬಿಡಿಯಾಗಿದ್ದ ಈ ತಿಳಿವು ಒಂದು ಕಡತದಲ್ಲಿ ಕೂಡಿರಲಿಲ್ಲ, ಅಷ್ಟೇ.

ಇಲ್ಲಿ ಸುರಪುರದವರಿಗೆ ಚಿರಪರಿಚಿತನಾದ ಫಿಲಿಪ್ ಮೆಡೋಸ್ ಟೇಲರ್ ಬರುತ್ತಾನೆ. 1820ರ ದಶಕದ ಕೊನೆಯಲ್ಲಿ, ಇಪ್ಪತ್ತರ ಹರೆಯದಲ್ಲಿ, ಆತ ನಿಜಾಮ ಸಂಸ್ಥಾನದ ನೈರುತ್ಯ ಭಾಗದ ಪೊಲೀಸ್ ಅಧಿಕಾರಿ. ದಾರಿ ಬದಿಯ ಹೆಣಗಳ ಜಾಡು ಹಿಡಿದಿದ್ದಾಗಲೇ ವರ್ಗವಾಯಿತು. ಠಕ್ಕರನ್ನು ಮೊದಲು ಬಯಲಿಗೆಳೆಯುವ ಅವಕಾಶ ತಪ್ಪಿತೆಂಬ ಕೊರಗನ್ನು ಆತ್ಮಕಥೆಯಲ್ಲಿ ತೋಡಿಕೊಂಡಿದ್ದಾನೆ. ಮುಂದೆ ಮಾಫಿ ಸಾಕ್ಷಿಗಳ ಹೇಳಿಕೆ ಬರೆದುಕೊಂಡ. ಅದರ ಫಲ 1839ರ ಕಾದಂಬರಿ ‘ಕನ್ಫೆಷನ್ಸ್ ಆಫ್ ಎ ಥಗ್’. ಅದರ ಪ್ರಸ್ತಾವನೆಯಲ್ಲಿ ಹಿಂಗೋಲಿ ದಂಡಿನ ಪೇಟೆಯ ಮರ್ಯಾದಸ್ಥ ವ್ಯಾಪಾರಿ ಹರಿಸಿಂಗನ ಕತೆಯಿದೆ. ಮುಂಬಯಿಯಿಂದ ಬಟ್ಟೆ ತರಲು ರಹದಾರಿ ಪಡೆದವನು, ಅದೇ ದಾರಿಯಲ್ಲಿ ಸರಕು ತರುತ್ತಿದ್ದ ಇನ್ನೊಬ್ಬ ವ್ಯಾಪಾರಿಯನ್ನು ಆಳುಗಳ ಸಮೇತ ಕೊಂದು, ಆ ಮಾಲನ್ನು ತನ್ನ ರಹದಾರಿಯ ಮೇಲೆ ತಂದು ಪೇಟೆಯಲ್ಲೇ ರಾಜಾರೋಷವಾಗಿ ಮಾರಿದ. ಅವನೇ ಒಪ್ಪಿಕೊಳ್ಳದಿದ್ದರೆ ಇದು ಹೊರಬರುತ್ತಲೇ ಇರಲಿಲ್ಲ. ಅದೇ ದಂಡಿನ ಕಾವಲುಗಾರರಿಂದ ಕೂಗಳತೆಯ ದೂರದಲ್ಲಿ ಅವನ ತಂಡ ಹೆಣ ಹೂತಿದ್ದ ಗುಂಡಿಗಳನ್ನು ತೆರೆದಾಗ ಟೇಲರ್ ಖುದ್ದು ಹಾಜರಿದ್ದ.

ಈ ಸಾಕ್ಷ್ಯವನ್ನು ಎಷ್ಟು ನಂಬಬೇಕು ಎಂಬುದರ ಮೇಲೆ ವಿದ್ವಾಂಸರಲ್ಲಿ ದೊಡ್ಡ ವಾಗ್ವಾದವೇ ನಡೆದಿದೆ. ಮಾಫಿ ಸಾಕ್ಷಿಯ ತಲೆ ಉಳಿಯುತ್ತಿದ್ದುದು ಹೊಸ ಹೆಸರು, ಹೊಸ ಗುಂಡಿ ತೋರಿಸಿಕೊಟ್ಟರೆ ಮಾತ್ರ. 1836ರ 30ನೇ ಕಾಯ್ದೆಯಂತೂ ಠಕ್ಕರ ತಂಡಕ್ಕೆ ಸೇರಿದ್ದೇ ಜೀವಾವಧಿ ಶಿಕ್ಷೆಗೆ ಸಾಕು ಎಂದಿತು. ನಿರ್ದಿಷ್ಟ ಕೊಲೆಯನ್ನು ರುಜುವಾತು ಮಾಡುವ ಹೊಣೆ ಸರ್ಕಾರಕ್ಕೆ ಉಳಿಯಲಿಲ್ಲ. ಠಕ್ಕರನ್ನು ವಂಶಪಾರಂಪರ್ಯದ ಕಾಳಿ ಪಂಥವೆಂದು ಚಿತ್ರಿಸಿದ್ದನ್ನು ಕಿಮ್ ವ್ಯಾಗ್ನರ್ 2007ರ ಗ್ರಂಥದಲ್ಲಿ ಒಪ್ಪದೆ, ಸ್ಥಳೀಯ ಜಮೀನ್ದಾರರ ಆಶ್ರಯದಲ್ಲಿ ಬೆಳೆದ ದರೋಡೆಕೋರತನದ ಒಂದು ಬಗೆಯಾಗಿ ನೋಡುತ್ತಾರೆ. ನನ್ನ ಒಲವೂ ಅತ್ತಲೇ. ಆದರೆ ಪಂಥದ ಕತೆ ಕುಸಿದರೂ ಗುಂಡಿಯಲ್ಲಿ ಸಿಕ್ಕ ಎಲುಬು ಕುಸಿಯುವುದಿಲ್ಲ. ಠಕ್ಕರು ವಸಾಹತುಶಾಹಿಯ ಕಟ್ಟುಕತೆ ಎನ್ನುವವರು ಆ ಸತ್ತವರನ್ನು ಎರಡನೇ ಸಲ ಅಳಿಸುತ್ತಾರೆ.

ನನ್ನನ್ನು ಕಾಡುವುದು ದಫ್ತರದ ಓರೆ. ಕೊಂದವನ ಹೆಸರು, ತಂದೆ, ಊರು, ಜಾತಿ, ವಂಶಾವಳಿ ಎಲ್ಲ ಅದರಲ್ಲಿವೆ. ಸತ್ತವರು ಹೆಚ್ಚಿನ ಕಡೆ ‘ಇಬ್ಬರು ಸಾಹುಕಾರರು’, ‘ನಾಲ್ವರು ಸಿಪಾಯಿಗಳು’. ಟೇಲರ್‌ನ ಕಾದಂಬರಿಯ ನಾಯಕ ಅಮೀರ್ ಅಲಿ ಹೇಳಿಕೊಂಡ 719 ಕೊಲೆಗಳ ಲೆಕ್ಕ ಲಂಡನ್ನಿನವರೆಗೂ ಹೆಸರಾಯಿತು. ಆ 719ರಲ್ಲಿ ಒಬ್ಬರ ಹೆಸರೂ ಹೆಸರಾಗಲಿಲ್ಲ.

ಸತ್ತವರ ಗುರುತು ದಾಖಲಿಸುವುದು ಟೇಲರ್‌ಗೆ ಕೈಲಾಗದ ಕೆಲಸವೇನಾಗಿರಲಿಲ್ಲ. 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡ ಇದೇ ಟೇಲರ್, ರಾಜನಕೋಳೂರಿನ ಕಲ್ಲುಗೋರಿಗಳನ್ನು ಅಳೆದ. ಶಹಾಪುರದ ಹತ್ತಿರದ ವಿಭೂತಿಹಳ್ಳಿಯ ಬಂಡೆಸಾಲುಗಳನ್ನು ದಾಖಲಿಸಿದ. ಜೇವರ್ಗಿಯಲ್ಲಿ ಗೋರಿ ಅಗೆಸಿ, ಯಾವ ಎಲುಬು ಯಾವ ಮಡಕೆಯ ಪಕ್ಕದಲ್ಲಿತ್ತು ಎಂದು ಅಡ್ಡಕೊಯ್ತದ ನಕ್ಷೆ ಬರೆದ. ದಕ್ಷಿಣ ಭಾರತದ ಬೃಹತ್ ಶಿಲಾಯುಗದ ಅಧ್ಯಯನಕ್ಕೆ ಅದು ಇಂದಿಗೂ ಅಡಿಪಾಯ. ಸಾವಿರಾರು ವರ್ಷ ಹಿಂದಿನ ಸತ್ತವರಿಗೆ ಸಂದ ಈ ಶ್ರದ್ಧೆ, ಹೆಂಡತಿ ಮಕ್ಕಳು ಇನ್ನೂ ಕಾಯುತ್ತಿದ್ದ ಸತ್ತವರಿಗೆ ಸಲ್ಲಲಿಲ್ಲ. ಹೂಳಿದ ಗುಂಡಿ ಅಪರಾಧಿಯನ್ನು ಸಿಕ್ಕಿಸುವ ಪುರಾವೆಯಾಯಿತು. ಒಳಗಿದ್ದವನು ಯಾರು ಎಂಬ ಪ್ರಶ್ನೆ ಶಿಕ್ಷೆಗೆ ಬೇಕಿರಲಿಲ್ಲ.

ಆದ್ದರಿಂದ ಈ ಹಳೆಯ ಪ್ರಕರಣಗಳನ್ನು ಕೊಂದವನ ಹೇಳಿಕೆಯಿಂದ ಅಲ್ಲ, ಹೊರಟ ಮನೆಯಿಂದ ಓದಬೇಕು. ಪಾವತಿಯಾಗದೆ ನಿಂತ ಹುಂಡಿ, ಸಾಹುಕಾರನ ಖಾತೆಯಲ್ಲಿ ಥಟ್ಟನೆ ನಿಂತುಹೋದ ಹೆಸರು, ರಜೆ ಮುಗಿದರೂ ಪಲ್ಟನಿಗೆ ಮರಳದೆ ‘ಓಡಿಹೋದವನು’ ಎಂದು ಹಾಜರಿ ಪುಸ್ತಕದಲ್ಲಿ ಬರೆಸಿಕೊಂಡ ಸಿಪಾಯಿ, ಸುಂಕದ ಕಟ್ಟೆಯೊಂದರಲ್ಲಿ ದಾಖಲಾಗಿ ಮುಂದಿನದರಲ್ಲಿ ಕಾಣದ ಎತ್ತಿನ ಹೇರು: ಕಾಣೆಯಾದವನು ಗುರುತು ಉಳಿಸಿರುವುದು ಇಂಥ ಕಡೆ. ಇವನ್ನು ಮಾಫಿ ಸಾಕ್ಷಿಗಳು ಹೇಳಿದ ವರ್ಷ, ದಾರಿ, ಮಾಲಿನ ವಿವರದ ಜೊತೆ ತಾಳೆ ಹಾಕಿದರೆ ಕೆಲವು ಗುಂಡಿಗಳಿಗಾದರೂ ಹೆಸರು ಸಿಕ್ಕೀತು. ಸುರಪುರ, ಯಾದಗಿರಿ, ರಾಯಚೂರುಗಳ ಹಳೆಯ ವ್ಯಾಪಾರಿ ಮನೆತನಗಳ ಕಿರ್ದಿ ಖಾತೆಗಳು ಗೆದ್ದಲಿಗೆ ಆಹಾರವಾಗುವ ಮೊದಲು ಈ ಕೆಲಸಕ್ಕೆ ಕೈಹಾಕಬೇಕು.