ಗೇರುಹಣ್ಣಿನ ವಾಸನೆ: ಸಾಂಖಳಿ ಸೀಮೆಯ ಉರಾಕ್, ಫೆನಿ ಮತ್ತು ಸವಿಯುವ ಬಗೆ

ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿ ಇಳಿದರೆ ಮೊದಲು ಕೇರಿ, ಆಮೇಲೆ ಸಾಂಖಳಿ. ವಾಳವಂಟಿ ಹೊಳೆಯ ದಡದ ಈ ಪೇಟೆ ಗೋವೆಯ ಡಿಚೋಲಿ ತಾಲ್ಲೂಕಿಗೆ ಸೇರಿದ್ದು. ಪಕ್ಕದಲ್ಲೇ ಸತ್ತರಿಯ ಗುಡ್ಡಗಳು. ಗಣಿ, ಲಾರಿ, ಗಾರೆ ಕೆಲಸ ಹುಡುಕಿಕೊಂಡು ಉತ್ತರ ಕರ್ನಾಟಕದವರು ಈ ಸೀಮೆಗೆ ಬಂದು ಬಹಳ ಕಾಲವಾಯಿತು. ಮಾರ್ಚ್‌ನಿಂದ ಮೇ ವರೆಗೆ ಈ ದಾರಿಯಲ್ಲಿ ಕಿಟಕಿ ತೆರೆದು ಕೂತವರಿಗೆ ಮೂರು ವಾಸನೆ ಒಟ್ಟಿಗೇ ಬರುತ್ತವೆ: ಕಳಿತು ಬಿದ್ದ ಗೇರುಹಣ್ಣು, ಹುಳಿಯುತ್ತಿರುವ ರಸ, ಸೌದೆಯ ಹೊಗೆ. ಈ ಹಣ್ಣಿನ ರಸದಿಂದ ಭಟ್ಟಿ ಇಳಿಸುವ ಮದ್ಯವೇ ಫೆನಿ. ಅದನ್ನು ‘ನಾತ’ ಎಂದು ಮೂಗು ಮುಚ್ಚಿ ದೂರವಿಟ್ಟವರು ನಮ್ಮಲ್ಲಿ ಬಹಳ ಮಂದಿ. ಆ ವಾಸನೆಯೇ ಅದರ ಗುರುತು. ಅದರಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಬೇರ್ಪಡಿಸಲು ಕಲಿಯುವುದೇ ಫೆನಿಯನ್ನು ಸವಿಯುವುದು.

ಹಣ್ಣು

ಗೇರು ನಮ್ಮ ಮಣ್ಣಿನ ಮರವಲ್ಲ. ಪೋರ್ಚುಗೀಸರು 16ನೇ ಶತಮಾನದಲ್ಲಿ ಬ್ರೆಜಿಲ್‌ನಿಂದ ತಂದದ್ದು. ಘಟ್ಟದ ಕೆಳಗಿನ ಕನ್ನಡ ಜಿಲ್ಲೆಗಳಲ್ಲಿ ಬೀಜ ಕಿತ್ತುಕೊಂಡು ಹಣ್ಣನ್ನು ಮರದ ಬುಡದಲ್ಲೇ ಬಿಡುವುದು ರೂಢಿ. ತೂಕದಲ್ಲಿ ಹಣ್ಣು ಬೀಜದ ಹಲವು ಪಟ್ಟು, ಆದರೂ ಅದಕ್ಕೆ ಬೆಲೆಯಿಲ್ಲ. ಗೋವೆಯಲ್ಲಿ ಹಾಗಲ್ಲ. ಇಲ್ಲಿ ಬೀಜದಷ್ಟೇ ಮರ್ಯಾದೆ ಹಣ್ಣಿಗೂ ಉಂಟು.

ಫೆನಿಗೆ ಹಣ್ಣನ್ನು ಮರದಿಂದ ಕೀಳುವುದಿಲ್ಲ. ತಾನಾಗಿ ಬಿದ್ದದ್ದನ್ನೇ ಬೆಳಗಿನ ಹೊತ್ತು ಆಯುತ್ತಾರೆ, ಆಯ್ದ ದಿನವೇ ಹಿಂಡುತ್ತಾರೆ. ಬಿದ್ದ ಹಣ್ಣು ಒಂದೆರಡು ದಿನವೂ ತಡೆಯದು. ಕೊಳೆತ ಒಂದು ಹಿಡಿ ಹಣ್ಣು ಇಡೀ ಮಡಕೆಯ ರಸವನ್ನು ಹಾಳುಮಾಡಬಲ್ಲದು. ಆದ್ದರಿಂದ ಒಳ್ಳೆಯ ಫೆನಿಯ ಅರ್ಧ ಕೆಲಸ ಬೆಂಕಿ ಹೊತ್ತಿಸುವ ಮೊದಲೇ, ಆಯುವವರ ಕೈಯಲ್ಲೇ ಮುಗಿದಿರುತ್ತದೆ.

ಕೊಳಂಬಿಯಿಂದ ಭಟ್ಟಿಗೆ

ಬೀಜ ತಿರುವಿ ತೆಗೆದ ಹಣ್ಣನ್ನು ‘ಕೊಳಂಬಿ’ಗೆ ಸುರಿಯುತ್ತಾರೆ. ಗುಡ್ಡದ ಬಂಡೆಯಲ್ಲೇ ಕೊರೆದ ತೊಟ್ಟಿ ಅದು. ಒಂದು ಕಡೆ ಇಳಿಜಾರು, ರಸ ಹರಿಯಲು ಕಂಡಿ. ಕಾಲಲ್ಲಿ ತುಳಿದು, ಉಳಿದ ತಿರುಳನ್ನು ಗುಡ್ಡೆ ಮಾಡಿ, ಬಳ್ಳಿಯಿಂದ ಸುತ್ತಿ ಬಿಗಿದು, ಮೇಲೆ ಕಲ್ಲಿನ ಭಾರ ಹೇರುತ್ತಾರೆ. ಆಗ ಹನಿಹನಿಯಾಗಿ ಇಳಿಯುವ ತಿಳಿರಸಕ್ಕೆ ‘ನಿರೊ’ ಎಂದು ಹೆಸರು. ತಾಜಾ ನಿರೊದಲ್ಲಿ ಅಮಲಿಲ್ಲ. ಬಾಯಿಗೆ ಸಿಹಿ, ಗಂಟಲಿಗೆ ಒಗರು. ಸವಿಯುವುದನ್ನು ಕಲಿಯಬೇಕೆನ್ನುವವರು ಮೊದಲು ಕುಡಿಯಬೇಕಾದದ್ದು ಇದನ್ನು. ಮುಂದೆ ಬಾಟಲಿಯಲ್ಲಿ ಹುಡುಕಬೇಕಾದ ಹಣ್ಣು ಯಾವುದೆಂದು ನಾಲಗೆಗೆ ಗೊತ್ತಿರಬೇಕಲ್ಲ.

ರಸವನ್ನು ಮಡಕೆಯಲ್ಲಿ ಸುಮಾರು ಮೂರು ದಿನ ಹುಳಿಯಲು ಬಿಡುತ್ತಾರೆ. ಸಕ್ಕರೆ ಇಲ್ಲ, ನೀರಿಲ್ಲ, ಹೊರಗಿನಿಂದ ತಂದ ಯೀಸ್ಟೂ ಇಲ್ಲ. ಹಣ್ಣಿನ ಸಿಪ್ಪೆಯಲ್ಲೂ ಗಾಳಿಯಲ್ಲೂ ಇರುವುದೇ ಸಾಕು. ರಸ ಕುದಿಯುವಂತೆ ನೊರೆಗಟ್ಟಿ, ಆಮೇಲೆ ಶಾಂತವಾದಾಗ ಭಟ್ಟಿಗೆ ಏರುತ್ತದೆ.

ಭಟ್ಟಿಯ ದೊಡ್ಡ ಪಾತ್ರೆ ‘ಭಾಣ’. ಮೊದಲು ಮಣ್ಣಿನದು, ಈಗ ಹೆಚ್ಚಾಗಿ ತಾಮ್ರದ್ದು. ಅದರ ಕೊಳವೆ ‘ಲವ್ನಿ’ ಎಂಬ ಇನ್ನೊಂದು ಮಡಕೆಗೆ ಸೇರುತ್ತದೆ. ಹಳೆಯ ಪದ್ಧತಿಯಲ್ಲಿ ಒಬ್ಬರು ಪಕ್ಕದಲ್ಲೇ ಕೂತು ಲವ್ನಿಯ ಮೇಲೆ ತಣ್ಣೀರು ಸುರಿಯುತ್ತಲೇ ಇರಬೇಕು. ನೀರು ನಿಂತರೆ ಆವಿ ಹನಿಯಾಗದು. ಈಗ ಹಲವೆಡೆ ತಾಮ್ರದ ಸುರುಳಿಯನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿಡುತ್ತಾರೆ. ಬೆಂಕಿ ಮಾತ್ರ ಮೊದಲಿನಂತೆಯೇ ಮಂದವಾಗಿರಬೇಕು. ಉರಿ ಜಾಸ್ತಿಯಾದರೆ ತಳ ಹಿಡಿಯುತ್ತದೆ, ಆ ಸೀದ ವಾಸನೆ ಕೊನೆಯ ಹನಿಯವರೆಗೂ ಬಿಡುವುದಿಲ್ಲ.

ಒಂದೇ ರಸ, ಮೂರು ಹೆಸರು

ಮೊದಲ ಸಲ ಇಳಿಸಿದ್ದು ಉರಾಕ್. ಸಾಮಾನ್ಯವಾಗಿ ಶೇ. 15ರ ಆಸುಪಾಸಿನ ಮದ್ಯಸಾರ. ಉರಾಕಿಗೆ ಹುಳಿರಸ ಬೆರೆಸಿ ಮತ್ತೆ ಇಳಿಸಿದರೆ ಕಾಜುಲೊ. ಅದನ್ನು ಮೂರನೇ ಸಲ ಇಳಿಸಿದರೆ ಫೆನಿ ಎನ್ನುವುದು ಹಿಂದಿನ ಕ್ರಮ. ಈಗ ಎರಡೇ ಸಲಕ್ಕೆ ಫೆನಿ ಮಾಡುವುದು ಹೆಚ್ಚು. ಭಟ್ಟಿಯವರು ಗಡಸುತನವನ್ನು ಇಂದಿಗೂ ಪೋರ್ಚುಗೀಸರ ಕಾಲದ ‘ಗ್ರಾವ್’ನಲ್ಲೇ ಹೇಳುತ್ತಾರೆ. ಫೆನಿ ಎಂದರೆ 19–20 ಗ್ರಾವ್. ಅಂಗಡಿ ಬಾಟಲಿಯ ಚೀಟಿಯಲ್ಲಿ ಇದು ಸಾಮಾನ್ಯವಾಗಿ ಶೇ. 42.8.

ಫೆನಿ ಎಂಬ ಹೆಸರು ಬಂದದ್ದು ಕೊಂಕಣಿಯ ‘ಫೇಣ’ದಿಂದ ಎನ್ನುತ್ತಾರೆ: ನೊರೆ. ಬಾಟಲಿಯನ್ನು ಒಮ್ಮೆ ಕುಲುಕಿ ಬೆಳಕಿಗೆ ಹಿಡಿದರೆ ಮೇಲೆ ಮಣಿಯಂಥ ಗುಳ್ಳೆಗಳು ಸಾಲುಗಟ್ಟುತ್ತವೆ. ಪಳಗಿದವರು ಆ ಮಣಿಗಳ ಗಾತ್ರ ಮತ್ತು ಅವು ನಿಲ್ಲುವ ಹೊತ್ತು ನೋಡಿ ಗಡಸುತನ ಅಂದಾಜು ಮಾಡುತ್ತಾರೆ.

ಗೋವೆಯಲ್ಲಿ ತೆಂಗಿನ ಫೆನಿಯೂ ಉಂಟು. ಅದು ಕಳ್ಳಿನಿಂದ ಇಳಿಸಿದ್ದು, ದಕ್ಷಿಣ ಗೋವೆಯಲ್ಲಿ ಹೆಚ್ಚು. ಅದರ ರುಚಿಯ ಲೆಕ್ಕಾಚಾರವೇ ಬೇರೆ.

ಮೂಗಿಗೆ ಕೆಲಸ

ಬೆಂಗಳೂರಿನ ಪಬ್ಬುಗಳಲ್ಲಿ ಕ್ರಾಫ್ಟ್ ಬಿಯರಿನ ಹಾಪ್ಸ್, ಮಾಲ್ಟ್ ಎಂದು ಬಿಡಿಸಿ ಹೇಳಬಲ್ಲವರು ಈಗ ಬೇಕಾದಷ್ಟಿದ್ದಾರೆ. ಅದೇ ಗಮನವನ್ನು ಫೆನಿಗೆ ಕೊಟ್ಟರೆ ಅದು ಇನ್ನೂ ಹೆಚ್ಚು ಮಾತಾಡುತ್ತದೆ.

ಮೂವತ್ತು ಮಿಲಿಗಿಂತ ಹೆಚ್ಚು ಬೇಡ. ಬಾಯಿ ಕಿರಿದಾದ ಲೋಟ ಒಳ್ಳೆಯದು, ಐಸ್ ಬೇಡ. ಸುರಿದ ಕೂಡಲೇ ಮೂಗು ಇಳಿಸಬೇಡಿ. ಮದ್ಯಸಾರದ ಘಾಟು ಮೊದಲು ಹೊಡೆದು ಉಳಿದದ್ದನ್ನೆಲ್ಲ ಮುಚ್ಚಿಬಿಡುತ್ತದೆ. ಐದು ನಿಮಿಷ ಬಿಟ್ಟು, ಬಾಯಿ ಸ್ವಲ್ಪ ತೆರೆದುಕೊಂಡೇ ಮೂಸಿ. ಕಳಿತ ಗೇರುಹಣ್ಣು ಮೊದಲು ಬರಬೇಕು. ಅದರ ಹಿಂದೆ ಅನಾನಸಿನಂಥದ್ದೋ ಕಳಿತ ಬಾಳೆಯಂಥದ್ದೋ ಒಂದು ಎಳೆ ಸಿಕ್ಕೀತು. ಇದು ಭ್ರಮೆಯಲ್ಲ: ಹಣ್ಣಿನಲ್ಲೇ ಇರುವ, ಹುಳಿಯುವಾಗ ಇನ್ನೂ ಹೆಚ್ಚುವ ಎಸ್ಟರುಗಳೆಂಬ ಸಂಯುಕ್ತಗಳ ವಾಸನೆ. ಅವು ಹಗುರ, ಆವಿಯ ಜೊತೆ ಕೊಳವೆ ಹತ್ತುತ್ತವೆ. ನಿರೊ ಕುಡಿದಾಗ ಗಂಟಲು ಹಿಡಿದ ಒಗರು ಟ್ಯಾನಿನ್‌ನದು. ಅದು ಹತ್ತಲಾರದೆ ಭಾಣದಲ್ಲೇ ಉಳಿಯುತ್ತದೆ. ಹಾಗಾಗಿ ಫೆನಿಯಲ್ಲಿ ಹಣ್ಣಿನ ಪರಿಮಳ ಇರುತ್ತದೆ, ಒಗರು ಇರುವುದಿಲ್ಲ.

ಇನ್ನೊಂದು ಪರೀಕ್ಷೆಗೆ ಲೋಟವೂ ಬೇಡ. ನಾಲ್ಕು ಹನಿ ಅಂಗೈಗೆ ಹಾಕಿ, ಎರಡೂ ಕೈ ಉಜ್ಜಿ, ತಣ್ಣಗಾಗುವವರೆಗೆ ಕಾಯಿರಿ. ಮದ್ಯಸಾರ ಹಾರಿಹೋದ ಮೇಲೆ ಕೈಯಲ್ಲಿ ಉಳಿದದ್ದು ಹಣ್ಣಾಗಿದ್ದರೆ ಸರಿ. ಸೀದ ವಾಸನೆ ಉಳಿದರೆ ಬೆಂಕಿ ತಪ್ಪಿದೆ. ವಿನೆಗರಿನ ಹುಳಿ ಬಂದರೆ ರಸ ಹೆಚ್ಚು ದಿನ ನಿಂತಿದೆ. ಕೊಳೆತ ವಾಸನೆ ಬಂದರೆ ಆಯುವುದರಲ್ಲೇ ತಪ್ಪಾಗಿದೆ. ಏನೂ ಉಳಿಯದಿದ್ದರೆ ಅನುಮಾನಪಡಬೇಕು. ಹಣ್ಣು ಕಾಣದ ಯಾವುದೋ ಸ್ಪಿರಿಟ್ಟನ್ನು ಅದಕ್ಕೆ ಬೆರೆಸಿರಬಹುದು. ನನ್ನ ಮಟ್ಟಿಗೆ ವಾಸನೆ ತೆಗೆದು ‘ನಯ’ ಮಾಡಿದ ಫೆನಿಗಿಂತ ದೊಡ್ಡ ನಷ್ಟ ಇನ್ನೊಂದಿಲ್ಲ.

ಆಮೇಲೆ ಒಂದು ಗುಟುಕು. ನಾಲಗೆಯ ಮೇಲೆ ಒಮ್ಮೆ ಹೊರಳಿಸಿ ನುಂಗಿ, ಮೂಗಿನಿಂದ ಉಸಿರು ಬಿಡಿ. ಹಣ್ಣು ಎರಡನೇ ಸಲ ಬರುವುದು ಆಗ. ಕೆಲವು ಹನಿ ನೀರು ಬೆರೆಸಿದರೆ ಪರಿಮಳ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ.

ಬೆರೆಸುವುದು, ಬೇರು ಹಾಕುವುದು

ಉರಾಕನ್ನು ಯಾರೂ ಹೀಗೆ ತಪಸ್ಸಿನಂತೆ ಕುಡಿಯುವುದಿಲ್ಲ, ಕುಡಿಯಲೂ ಬಾರದು. ಅದು ಬೇಸಿಗೆಯ ಪೇಯ: ಲಿಮ್ಕಾ, ನಿಂಬೆ, ಚಿಟಿಕೆ ಉಪ್ಪು, ಸೀಳಿದ ಹಸಿಮೆಣಸಿನಕಾಯಿ. ಮೆಣಸಿನಕಾಯಿ ಖಾರಕ್ಕಿಂತ ತನ್ನ ಹಸಿ ಘಮವನ್ನೇ ಹೆಚ್ಚು ಕೊಡುತ್ತದೆ, ಉರಾಕಿನ ಹಣ್ಣಿಗೆ ಅದು ಹೊಂದುತ್ತದೆ. ಫೆನಿಗೆ ‘ದುಕ್ಷಿರಿ’ ಬೇರು ಸೇರಿಸುವ ಪದ್ಧತಿಯೂ ಗೋವೆಯಲ್ಲಿದೆ. ಅದು ಬೇರೇನಲ್ಲ, ನಮ್ಮ ಸೊಗದೆ ಬೇರು. ಮನೆಯಲ್ಲಿ ಶರಬತ್ತು ಮಾಡಿದವರಿಗೆ ಆ ಪರಿಮಳ ತಕ್ಷಣ ಗುರುತು ಸಿಗುತ್ತದೆ.

ಕಾಯ್ದೆ ಮತ್ತು ಗಡಿ

ಗೋವೆಯ ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿತು. ಬಹುಕಾಲ ಕಾಯ್ದೆಯ ಕಣ್ಣಲ್ಲಿ ಅದು ಬರೀ ‘ನಾಡಸಾರಾಯಿ’ಯಾಗಿತ್ತು, ಅದರಿಂದಲೇ ಹೊರರಾಜ್ಯಗಳ ಮಾರುಕಟ್ಟೆ ಕಾಣಲಿಲ್ಲ. 2016ರಲ್ಲಿ ಗೋವಾ ಸರ್ಕಾರ ಅದನ್ನು ಪಾರಂಪರಿಕ ಪೇಯವೆಂದು ಘೋಷಿಸಿತು, 2021ರಲ್ಲಿ ಫೆನಿ ನೀತಿಯನ್ನೂ ತಂದಿತು. ಪರವಾನಗಿಯಿಲ್ಲದೆ ಮನೆಯಲ್ಲಿ ಭಟ್ಟಿ ಇಳಿಸುವುದಾಗಲಿ, ಚೋರ್ಲಾ ಹತ್ತಿ ಬಾಟಲಿಗಳನ್ನು ಕರ್ನಾಟಕಕ್ಕೆ ಸಾಗಿಸುವುದಾಗಲಿ ಅಪರಾಧ.

ಫೆನಿ ಗಾಜಿನ ದೊಡ್ಡ ಬುರುಡೆಗಳಲ್ಲಿ ವರ್ಷಗಟ್ಟಲೆ ಇರುತ್ತದೆ, ಇದ್ದಷ್ಟೂ ಮೃದುವಾಗುತ್ತದೆ. ಉರಾಕ್ ಹಾಗಲ್ಲ, ಇಟ್ಟರೆ ಕಳೆಗುಂದುತ್ತದೆ. ಅದನ್ನು ಅದರ ಊರಲ್ಲೇ, ಅದರ ಕಾಲದಲ್ಲೇ ಕುಡಿಯಬೇಕು. ಜೂನ್‌ನಲ್ಲಿ ಮಳೆ ಹಿಡಿದಾಗ ಗೇರುಹಣ್ಣು ನೀರು ಕುಡಿದು ಸಪ್ಪೆಯಾಗುತ್ತದೆ. ಆ ಹೊತ್ತಿಗೆ ಸತ್ತರಿಯ ಗುಡ್ಡಗಳಲ್ಲಿ ಭಾಣಗಳನ್ನು ತೊಳೆದು ಬೋರಲು ಹಾಕಿ, ಕೊಳಂಬಿಗಳನ್ನು ಮಳೆನೀರಿಗೆ ಬಿಟ್ಟಿರುತ್ತಾರೆ.