ಉಪ್ಪು ಹೋಗುವುದೆಲ್ಲಿಗೆ? ತುಂಗಭದ್ರೆಯ ನೀರಿನ ಇನ್ನೊಂದು ಲೆಕ್ಕ

ನಾಣ್ಯ ಹಾಕಿದರೆ ಕೊಡ ತುಂಬಿಸುವ ಶುದ್ಧ ನೀರಿನ ಘಟಕ ಈಗ ಹೆಚ್ಚಿನ ಊರುಗಳಲ್ಲಿದೆ. ನಾವೆಲ್ಲ ಅದರ ಮುಂದೆ ನಿಂತವರೇ. ಹಿಂದಕ್ಕೆ ಹೋಗಿ ನೋಡಿದವರು ಕಡಿಮೆ. ಅಲ್ಲಿ ಇನ್ನೊಂದು ಪೈಪು ಇರುತ್ತದೆ. ಅದರಿಂದ ಬರುವ ನೀರು ರಸ್ತೆ ಬದಿಯ ಗುಂಡಿಗೋ ಪಕ್ಕದ ಹೊಲಕ್ಕೋ ಇಳಿಯುತ್ತದೆ. ಆ ಪೈಪಿನ ಕಥೆ ಹೇಳಲು ನಾವು ಐನೂರು ವರ್ಷ ಹಿಂದಕ್ಕೆ ಹೋಗಬೇಕು.

ಕೃಷ್ಣದೇವರಾಯನ ಕಾಲದಲ್ಲಿ, 1521ರಲ್ಲಿ, ಕೊರ್ರಗಲ್ಲಿನ ಅಣೆಕಟ್ಟೂ ಬಸವಣ್ಣ ಕಾಲುವೆಯೂ ಆದವು ಎಂದು ಇತಿಹಾಸಕಾರ ರಾಬರ್ಟ್ ಸೀವೆಲ್ 1900ರಲ್ಲಿ ಬರೆದಿದ್ದಾನೆ. ಹಂಪಿಯ ಬಾಳೆ, ಹೊಸಪೇಟೆಯ ಕಬ್ಬು, ಕಂಪ್ಲಿಯ ಗದ್ದೆ ಇವತ್ತಿಗೂ ಇಂಥ ಹಳೆಯ ಕಾಲುವೆಗಳ ನೀರು ಕುಡಿಯುತ್ತವೆ. ಈ ಕಾಲುವೆಗಳು ಹೊಳೆಯ ಮಗ್ಗುಲಲ್ಲೇ ಸಾಗುತ್ತವೆ. ಗದ್ದೆಗೆ ಹೆಚ್ಚಾದ ನೀರು ಬಂಡೆಗಳ ನಡುವಿನ ಹಳ್ಳ ಹಿಡಿದು ಮತ್ತೆ ಹೊಳೆ ಸೇರುತ್ತದೆ. ನೀರಿನ ಜೊತೆ ಬಂದ ಉಪ್ಪು ನೀರಿನ ಜೊತೆಗೇ ವಾಪಸ್ಸು. ಅಲ್ಲಿ ಸವಳೇ ಇಲ್ಲ ಎಂದು ನಾವು ಹೇಳುತ್ತಿಲ್ಲ, ಆದರೆ ಹೊರಗೆ ಹೋಗಲು ದಾರಿ ಇತ್ತು.

1945ರಲ್ಲಿ ಮದ್ರಾಸ್ ಪ್ರಾಂತ್ಯ ಮತ್ತು ಹೈದರಾಬಾದ್ ಸಂಸ್ಥಾನ ಸೇರಿ ಹೊಸಪೇಟೆ ಹತ್ತಿರ ಅಣೆಕಟ್ಟಿನ ಕೆಲಸ ಶುರು ಮಾಡಿದವು. 1953ರಲ್ಲಿ ಕಾಲುವೆಗೆ ನೀರು ಬಂತು. ಈ ಸಲ ನೀರು ಹೊಳೆಯ ದಂಡೆ ಬಿಟ್ಟು ಬಹುದೂರದ ಎರೆಭೂಮಿಗೆ ಹೋಯಿತು. ಅಪಾಯ ಆಗ ಯಾರಿಗೂ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪುಣೆ ಕಡೆಯ ನೀರಾ ಕಾಲುವೆಯ ಕೆಳಗೆ ಕಬ್ಬಿನ ಹೊಲಗಳು ಸವಳಾಗಿದ್ದನ್ನು ಇಂಜಿನಿಯರುಗಳು ಕಂಡಿದ್ದರು. ಎರೆಭೂಮಿಗೆ ನೀರು ಕೊಟ್ಟರೆ ಏನಾಗುತ್ತದೆಂದು ನೋಡಲೆಂದೇ 1937ರಲ್ಲಿ ಸಿರುಗುಪ್ಪದಲ್ಲಿ ಕೃಷಿ ಸಂಶೋಧನಾ ಕೇಂದ್ರ ತೆರೆದರು. ಯೋಜನೆಯಲ್ಲೂ ಬಹುಪಾಲು ಜಮೀನನ್ನು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೇ ಗೊತ್ತುಮಾಡಿದ್ದರು.

ಬೆಳೆದದ್ದು ಭತ್ತ. ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದವರು ಬೆಳೆದರು, ಅವರನ್ನು ನೋಡಿ ನಮ್ಮವರೂ ಬೆಳೆದರು. ದುಡ್ಡು ಅದರಲ್ಲಿತ್ತು. ಅವರನ್ನು ಬೈದು ಪ್ರಯೋಜನವಿಲ್ಲ.

ಸುಮ್ಮನೆ ಒಂದು ಲೆಕ್ಕ ಹಾಕೋಣ. ಸಿಹಿ ಎನಿಸುವ ಕಾಲುವೆ ನೀರಿನಲ್ಲೂ ಲೀಟರಿಗೆ 200 ಮಿಲಿಗ್ರಾಂ ಲವಣ ಇದೆ ಅಂದುಕೊಳ್ಳಿ. ಒಂದು ಬೆಳೆಗೆ ಒಟ್ಟು 1.2 ಮೀಟರ್ ಎತ್ತರದ ನೀರು ಕಟ್ಟಿದರೆ, ಎಕರೆಗೆ ಹತ್ತಿರ ಹತ್ತಿರ ಒಂದು ಟನ್ ಲವಣ ಬಂದು ಬೀಳುತ್ತದೆ. ಎರೆಮಣ್ಣಿನಲ್ಲಿ ನೀರು ಸುಲಭವಾಗಿ ಬಸಿಯುವುದಿಲ್ಲ. ಅಡಿಯ ನೀರು ಮೇಲೇರುತ್ತದೆ, ಬಿಸಿಲು ನೀರನ್ನಷ್ಟೇ ಒಯ್ಯುತ್ತದೆ, ಬೇಸಿಗೆಯಲ್ಲಿ ಹೊಲ ಬೆಳ್ಳಗಾಗುತ್ತದೆ. ಅಂಥ ಹೊಲದಲ್ಲಿ ಜೋಳ ಏಳುವುದಿಲ್ಲ. ನೀರು ನಿಲ್ಲಿಸಿದರೆ ಉಪ್ಪು ಕೆಳಗೆ ತಗ್ಗಿರುತ್ತದೆ ಎಂದು ರೈತ ಮತ್ತೆ ಭತ್ತವನ್ನೇ ಹಾಕುತ್ತಾನೆ. ಕಂಪ್ಲಿಯಿಂದ ಹೊಳೆ ದಾಟಿದರೆ ಸಿಗುವ ಗಂಗಾವತಿಯ ಸಂಶೋಧನಾ ಕೇಂದ್ರದವರು ನೆಲದಡಿ ತೂತಿನ ಪೈಪು ಹೂತು ಉಪ್ಪುನೀರು ಬಸಿಯುವ ಪ್ರಯೋಗ ಮಾಡಿದ್ದಾರೆ. ಉಪ್ಪು ಇಳಿಯುತ್ತದೆ. ಆದರೆ ಒಬ್ಬನ ಬಸಿಗಾಲುವೆ ಇನ್ನೊಬ್ಬನ ಹೊಲ ದಾಟಿಯೇ ಹಳ್ಳ ಸೇರಬೇಕು. ಜಗಳ ಅಲ್ಲಿ ಶುರು. ಸಂಡೂರಿನ ಗುಡ್ಡಗಳ ಇಳಿಜಾರಿನವರಿಗೆ ಈ ತಾಪತ್ರಯ ಅಷ್ಟಿಲ್ಲ.

ಈಗ ಘಟಕದ ಹಿಂದಿನ ಪೈಪಿಗೆ ಬರೋಣ. ಬೋರಿನ ನೀರಿನಲ್ಲಿ ಲೀಟರಿಗೆ 1,500 ಮಿಲಿಗ್ರಾಂ ಲವಣ ಇದ್ದರೆ, ಸಾವಿರ ಲೀಟರಿನಲ್ಲಿ ಒಂದೂವರೆ ಕಿಲೋ. ಅರ್ಧ ನೀರು ಶುದ್ಧವಾಗಿ ಮುಂದೆ ಬಂದರೆ, ಆ ಉಪ್ಪು ಹೆಚ್ಚುಕಡಿಮೆ ಪೂರ್ತಿ ಉಳಿದರ್ಧ ನೀರಿನಲ್ಲೇ ಇರುತ್ತದೆ. ಫ್ಲೋರೈಡ್ ಇದ್ದರೆ ಅದೂ ಹಾಗೆಯೇ ಗಟ್ಟಿಯಾಗುತ್ತದೆ. ಆ ನೀರನ್ನು ಬೋರಿನ ಪಕ್ಕದ ಗುಂಡಿಗೆ ಬಿಟ್ಟರೆ ಮತ್ತೆ ಅದೇ ಬೋರಿಗೆ ಇಳಿಯಬಹುದು. ಶೌಚಾಲಯಕ್ಕೆ, ಗಾಡಿ ತೊಳೆಯಲು ಬಳಸಬಹುದು. ದನಕ್ಕೆ ಕುಡಿಸುವುದು, ಕಾಯಿಪಲ್ಲೆಗೆ ಬಿಡುವುದು ಬೇಡ.

ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಸಿಗದಿದ್ದರೆ 2,000ದವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನದಂಡ. 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಒ ಬೇಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿತು. ಹಾಗಾಗಿ ಹೊಳೆಯ ನೀರನ್ನೇ ಸೋಸಿ ಕ್ಲೋರಿನ್ ಹಾಕಿ ನಲ್ಲಿಗೆ ಕೊಟ್ಟ ಊರಲ್ಲಿ, ಉಪ್ಪಿನ ಸಲುವಾಗಿ ಆ ಯಂತ್ರ ಬೇಕೇ ಎಂದು ಗ್ರಾಮಸಭೆಯಲ್ಲಿ ಕೇಳಬಹುದು. ಬೋರನ್ನೇ ನಂಬಿದ ಊರಿನವರು ಕೇಳಬೇಕಾದ್ದು ಬೇರೆ: ಹಿಂದಿನ ಪೈಪು ಎಲ್ಲಿಗೆ ಹೋಗಿ ಮುಗಿಯುತ್ತದೆ?