‘ಹಕ್ಕುದಾರ’ ಶಬ್ದವಿಚಾರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಭೂವ್ಯವಹಾರದಲ್ಲಿ ‘ಹಕ್ಕುದಾರ’ ಶಬ್ದವು ಬಹು ಬಳಕೆಯದು. ‘ಹಕ್’ ಅರಬ್ಬೀ ಮೂಲದ್ದು. ಅಲ್ಲಿ ಅದಕ್ಕೆ ಸತ್ಯವೆಂಬ ಅರ್ಥವೂ ಉಂಟು. ‘ದಾರ್’ ಫಾರಸಿ, ಹೊಂದಿರುವವನೆಂದು ಅರ್ಥ. ಅಚ್ಚಗನ್ನಡದ ‘ಒಡೆಯ’ನೂ ಅಂಥವನೇ; ‘ಒಡವೆ’ಯೂ ಅದೇ ಧಾತುವಿನದು. ವಚನಗಳಲ್ಲಿ ಶಿವನೇ ಒಡೆಯನೆಂಬುದು ವಾಚಕರಿಗೆ ತಿಳಿದುದೇ.

ಹೊಂದಿರುವವನು ಬೇರೆ, ತನ್ನದೆಂದು ಕೇಳುವವನು ಬೇರೆ. ಬಳಕೆಯ ಮಾತು ಇಬ್ಬರನ್ನೂ ಹಕ್ಕುದಾರರೆಂದೇ ಕರೆಯುತ್ತದೆ. ಇದು ಬರಿಯ ವ್ಯಾಕರಣದ ಸೂಕ್ಷ್ಮವಲ್ಲವೆಂಬುದಕ್ಕೆ ಈ ಸೀಮೆಯ ಚರಿತ್ರೆಯೇ ಸಾಕ್ಷಿ. 1800ರಲ್ಲಿ ನಿಜಾಮನು ಈ ಪ್ರಾಂತವನ್ನು ಕಂಪನಿಗೆ ಬಿಟ್ಟುಕೊಟ್ಟ ತರುವಾಯ ಥಾಮಸ್ ಮನ್ರೋ ಇಲ್ಲಿ ರೈತವಾರಿ ಪದ್ಧತಿಗೆ ತಳಹದಿ ಹಾಕಿದನು. ಪಟ್ಟಾ ಯಾರ ಹೆಸರಿನಲ್ಲಿತ್ತೋ ಅವನನ್ನೇ ಸರಕಾರವು ಬಲ್ಲದು. ಅವನಿಂದ ಗೇಣಿಗೆ ಪಡೆದು ಉತ್ತವನನ್ನು ಅರಿಯದು.

1953ರಲ್ಲಿ ಈ ಭಾಗವು ಮೈಸೂರು ರಾಜ್ಯಕ್ಕೆ ಸೇರಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿಯ ಭೂಮಿಯನ್ನು ಸರಕಾರಕ್ಕೆ ನಿಹಿತಗೊಳಿಸಿ, ‘ಉಳುವವನೇ ಒಡೆಯ’ ಎಂಬ ಮಾತಿಗೆ ಬಲವಿತ್ತಿತು. (ಹಳೆಯ ಶಬ್ದವು ಎಷ್ಟು ಹೊಸ ಕಡೆಯಿಂದ ಮರಳಿತು, ನೋಡಿ!) ಆದರೆ ಉತ್ತವನು ತಾನಾಗಿ ಒಡೆಯನಾಗಲಿಲ್ಲ. 7ನೆಯ ನಮೂನೆಯಲ್ಲಿ ಅರ್ಜಿ ಬರೆದು ಭೂನ್ಯಾಯಮಂಡಳಿಯ ಮುಂದೆ ಕೇಳಬೇಕಾಗಿತ್ತು. ಅದಕ್ಕೂ 1979ರ ಜೂನ್ 30 ಕಡೆಯ ದಿನವಾಗಿತ್ತು. ಧಣಿಯ ದಾಕ್ಷಿಣ್ಯಕ್ಕೋ ಅಂಜಿಕೆಗೋ ಸುಮ್ಮನಿದ್ದವನಿಗೆ ಸಾಗುವಳಿ ಸತ್ಯವಾಗಿದ್ದರೂ ಹಕ್ಕು ದಕ್ಕಲಿಲ್ಲ. ಅಂಥವರಿಗೆಂದು 1998ರಲ್ಲಿ 77-ಎ ಕಲಮನ್ನು ಸೇರಿಸಲಾಯಿತು; ಅಲ್ಲಿಯೂ 7-ಎ ನಮೂನೆಯ ಅರ್ಜಿ ಬೇಕಾಯಿತು.